ಕಾಲೇಜಿನ ಗಾನವೃಂದ: ಮೊದಲು ಶ್ರುತಿ, ಆಮೇಲೆ ಹಾಡು

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಕಾಲೇಜುಗಳಲ್ಲಿ ಹೊಸ ಸೆಮಿಸ್ಟರ್ ಶುರುವಾದ ಕೂಡಲೇ ಸೂಚನಾಫಲಕದಲ್ಲಿ ಒಂದು ಚೀಟಿ ಕಾಣಿಸಿಕೊಳ್ಳುತ್ತದೆ: ಹಾಡುವವರು, ವಾದ್ಯ ನುಡಿಸುವವರು ಹೆಸರು ಕೊಡಿ. ಹೆಸರು ಕೊಡುವವರಲ್ಲಿ ಸಂಗೀತವನ್ನೇ ವಿಷಯವಾಗಿ ಓದುವವರು ಕಡಿಮೆ. ಅರ್ಥಶಾಸ್ತ್ರದ ಹುಡುಗಿಗೆ ವೀಣೆ ಬರುತ್ತದೆ. ರಸಾಯನಶಾಸ್ತ್ರದ ಹುಡುಗ ಭಜನೆಗೆ ತಬಲಾ ನುಡಿಸುತ್ತಿರುತ್ತಾನೆ. ಕನ್ನಡ ಐಚ್ಛಿಕದವನೊಬ್ಬ ಗಿಟಾರ್ ಹೊತ್ತು ಬರುತ್ತಾನೆ. ಇವರೆಲ್ಲ ಸೇರಿ ಮಾಡುವ ಮೊದಲ ಕೆಲಸ ಹಾಡು ಆರಿಸುವುದು. ವೃಂದಗಳು ಎಡವುವುದೂ ಅಲ್ಲೇ. ಮೊದಲು ಗೊತ್ತಾಗಬೇಕಾದದ್ದು ಶ್ರುತಿ, ಅಂದರೆ ಎಲ್ಲರೂ ಆಧಾರವಾಗಿ ಹಿಡಿಯುವ ಸ ಎಷ್ಟು ಎತ್ತರದಲ್ಲಿ ಎಂಬುದು.

ಯಾಕೆ ಅಂತ ನೋಡೋಣ. ಹುಡುಗಿಯರು ಒಬ್ಬೊಬ್ಬರೇ ಹಾಡುವಾಗ ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ಶ್ರುತಿ ಇಟ್ಟುಕೊಳ್ಳುತ್ತಾರೆ, ಹುಡುಗರು ಒಂದು ಅಥವಾ ಒಂದೂವರೆ. ಮನೆ ಅಂದರೆ ಹಾರ್ಮೋನಿಯಂ, ಕೀಬೋರ್ಡಿನ ಬಿಳಿ ಮನೆಗಳ ಎಣಿಕೆ: ಒಂದು C, ಮೂರು E, ಐದು G. ಐದಕ್ಕೆ ಇಟ್ಟರೆ ಹುಡುಗರು ತಾರ ಷಡ್ಜ, ಅಂದರೆ ಮೇಲಿನ ಸ, ಮುಟ್ಟುವಷ್ಟರಲ್ಲಿ ಕಿರುಚುತ್ತಾರೆ. ಒಂದಕ್ಕೆ ಇಟ್ಟರೆ ಹುಡುಗಿಯರ ದನಿ ಕೆಳಗೆ ಕೇಳಿಸುವುದೇ ಇಲ್ಲ. ಮಿಶ್ರ ವೃಂದಕ್ಕೆ ಮೂರು ಮನೆ ಒಳ್ಳೆಯ ಆರಂಭ. ಅಲ್ಲಿ ಮಂದ್ರ ನಿಷಾದದಿಂದ (ಕೆಳಗಿನ ನಿ) ತಾರ ರಿಷಭದವರೆಗೆ (ಮೇಲಿನ ರಿ) ಎಲ್ಲರೂ ಒಂದೇ ಸ್ಥಾಯಿಯಲ್ಲಿ ಹಾಡಬಹುದು. ಚರಣ ತಾರ ಗಾಂಧಾರ, ಮಧ್ಯಮ ದಾಟಿದರೆ ಆ ಸಾಲು ಹುಡುಗಿಯರಿಗೆ. ಮಂದ್ರ ಪಂಚಮದ ಕಡೆ ಇಳಿದರೆ ಹುಡುಗರಿಗೆ. ಈ ಮಿತಿ ಕಾಗದದ ಮೇಲೆ ಬರೆದುಕೊಂಡು, ಅದರೊಳಗೆ ಕೂರುವ ಹಾಡು ಹುಡುಕಿ.

ವಾದ್ಯಗಳಿಗೂ ಇದೇ ಲೆಕ್ಕ. ವೀಣೆಗೆ ಮೂರು ಮನೆ ಹಿತವಾಗಿಯೇ ಇರುತ್ತದೆ, ಪಿಟೀಲಿನವರು ಬಿರಡೆ ತಿರುಗಿಸಿ ಹೊಂದಿಸಿಕೊಳ್ಳುತ್ತಾರೆ. ಕೊಳಲಿಗೆ ಆ ಸೌಲಭ್ಯವಿಲ್ಲ, ಮೂರರ ಕೊಳಲೇ ಬೇಕು. ಗಿಟಾರಿಗೆ ಅದು ದಪ್ಪ ತಂತಿಯದೇ ಸ್ವರ, ಸಲೀಸು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ನಾಲ್ಕು ಅರ್ಧ ಸ್ವರ ಏರಿಸಿದರೆ ಒಂದರ ಮನೆಯ ಬೆರಳುಗಾರಿಕೆಯಲ್ಲೇ ನುಡಿಸಬಹುದು. ಮುಂದಿನ ಹಾಡಿಗೆ ಅದನ್ನು ಇಳಿಸಲು ಮರೆಯಬಾರದು, ಅಷ್ಟೆ. ಮೃದಂಗದವರನ್ನು ಮಾತ್ರ ಮೊದಲೇ ಕೇಳಿ. ತಗ್ಗು ಶ್ರುತಿಯ ಮೃದಂಗವನ್ನು ಕಲ್ಲು ಗೂಟ ಹಿಡಿದು ವಿಪರೀತ ಬಿಗಿದರೆ ಬಲಗಡೆಯ ಚರ್ಮದ ಮುಚ್ಚಿಗೆ ಹಾಳಾಗುತ್ತದೆ. ಮೃದಂಗ, ತಬಲಾ ಎರಡೂ ಇದ್ದರೆ ಒಟ್ಟಿಗೆ ನುಡಿಸಬೇಡಿ. ಪಲ್ಲವಿಗೆ ಒಂದು, ಚರಣಕ್ಕೆ ಇನ್ನೊಂದು ಸಾಕು.

ಇನ್ನು ಗಮಕ, ಅಂದರೆ ಸ್ವರವನ್ನು ತೂಗಿಸಿ, ಜಾರಿಸಿ ಹಾಡುವ ಬಗೆ. ವೃಂದದ ಸದ್ದು ಕಲಸಿಹೋಗುವುದಕ್ಕೆ ಮುಖ್ಯ ಕಾರಣ ಇದೇ. ಒಬ್ಬಳ ಗುರುಮನೆಯ ತೋಡಿ ರಾಗದ ಗಾಂಧಾರ ಇನ್ನೊಬ್ಬಳದರಂತೆ ಇರುವುದಿಲ್ಲ. ಒಂಟಿಯಾಗಿ ಕೇಳಿದರೆ ಎರಡೂ ಚೆಂದ, ಹತ್ತು ಕಂಠ ಒಟ್ಟಿಗೆ ಸೇರಿದರೆ ಯಾವ ಸ್ವರವೆಂದೇ ತಿಳಿಯದು. ಆದ್ದರಿಂದ ಸ್ವರಲಿಪಿಯಲ್ಲಿ ಬರೀ ಗ, ಮ ಬರೆದರೆ ಸಾಲದು. ಆ ಅಕ್ಷರಕಾಲದಲ್ಲಿ ಎಷ್ಟು ತೂಗು, ಎಲ್ಲಿಂದ ಜಾರು ಎಂಬುದನ್ನೂ ಗುರುತು ಹಾಕಿ. ಪಿಟೀಲಿನವರು ಕಮಾನನ್ನೂ ಒಪ್ಪಿಸಿಕೊಳ್ಳಬೇಕು: ಒಂದು ಎಳೆತಕ್ಕೆ ನಾಲ್ಕು ಸ್ವರವೋ ಎರಡೋ, ಎಲ್ಲಿ ಕಮಾನು ತಿರುಗುತ್ತದೆ. ಗಿಟಾರಿನವನು ಪ್ರತಿ ಸಾಲಿಗೂ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಹಾಕುವ ಆಸೆ ಬಿಟ್ಟು, ಗಮಕ ತುಂಬಿದ ಕಡೆ ಸ-ಪ ಮಾತ್ರ ಹಿಡಿದರೆ ರಾಗ ಉಳಿಯುತ್ತದೆ.

ಮೊದಲ ಸೆಮಿಸ್ಟರಿಗೆ ನನ್ನ ಸಲಹೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದ ಈ ಪುಟ್ಟ ರಚನೆಗಳು ಶಂಕರಾಭರಣದ ಸ್ವರಗಳಲ್ಲಿವೆ, ಗಮಕವಿಲ್ಲ. ಹೀಗಾಗಿ ಗಿಟಾರ್, ಕೀಬೋರ್ಡ್, ವೀಣೆ ಮೂರೂ ಸಮನಾಗಿ ಕೂರುತ್ತವೆ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡನ್ನೂ ಪಾಶ್ಚಾತ್ಯ ಬ್ಯಾಂಡನ್ನೂ ಸಾಕಿದ ಈ ಊರಿಗೆ ಅದು ಹೊರಗಿನದೂ ಅಲ್ಲ.

ಲಯ ಯಾಕೆ ಓಡುತ್ತದೆ? ಗುಂಪಿನಲ್ಲಿ ಪ್ರತಿಯೊಬ್ಬರೂ ಹಿಂದೆ ಬೀಳುವ ಭಯದಿಂದ ಒಂದು ಕೂದಲೆಳೆ ಮುಂದೆ ಹೋಗುತ್ತಾರೆ. ಐದು ನಿಮಿಷದಲ್ಲಿ ಕಾಲಪ್ರಮಾಣ ಎಲ್ಲೋ ಹೋಗಿರುತ್ತದೆ. ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 70ಕ್ಕೆ ಇಟ್ಟು, ಎರಡು ಆವರ್ತ (ತಾಳದ ಪೂರ್ತಿ ಸುತ್ತು) ಕೇಳಿಸಿ, ಎರಡು ಆವರ್ತ ಸದ್ದು ನಿಲ್ಲಿಸಿ, ಮತ್ತೆ ಕೇಳಿಸಿ. ಎಷ್ಟು ಓಡಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಅರೆ ಎಡುಪಿನ, ಅಂದರೆ ತಾಳ ಶುರುವಾಗಿ ಅರ್ಧ ಎಣಿಕೆ ಆದಮೇಲೆ ಎತ್ತುವ ಹಾಡಿದ್ದರೆ ಎಲ್ಲರೂ ಕೈಯಲ್ಲಿ ತಾಳ ಹಾಕಿಯೇ ಕಲಿಯಲಿ.

ತಾಲೀಮು ವಾರಕ್ಕೆ ಎರಡು ಸಲ, ಒಂದೂವರೆ ಗಂಟೆ. ಮೊದಲ ಹತ್ತು ನಿಮಿಷ ತಂಬೂರಿಯ ಜೊತೆ ಸ-ಪ-ಸ ಮಾತ್ರ. ಆಮೇಲೆ ಕಂಠದವರು ಒಂದು ಕೋಣೆಯಲ್ಲಿ, ವಾದ್ಯದವರು ಇನ್ನೊಂದರಲ್ಲಿ. ಕೊನೆಯ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ. ಆಯ್ಕೆ ಮಾಡುವಾಗ ಎಷ್ಟು ಕೀರ್ತನೆ ಬರುತ್ತದೆ ಎಂದು ಕೇಳಬೇಡಿ. ಒಂದು ಷಡ್ಜ ಕೊಟ್ಟು, ಹತ್ತು ಸೆಕೆಂಡ್ ಹಿಡಿಯಲು ಹೇಳಿ. ಹಿಡಿದರೆ ಆ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಿ. ಪಾಠವಾಗದವರಿಗೂ ವೃಂದದಲ್ಲಿ ಜಾಗ ಇರಬೇಕು, ಕಾಲೇಜು ಇರುವುದೇ ಅದಕ್ಕೆ.

ವೇದಿಕೆಯ ವಿಷಯ. ನಮ್ಮ ಪಕ್ಕದ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡದ್ದು, ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ. ಈಗ ತೊಂದರೆ ಉಲ್ಟಾ, ಮೈಕುಗಳು ಹೆಚ್ಚು. ಹತ್ತು ಮಂದಿಗೆ ಹತ್ತು ಮೈಕ್ ಬೇಡ, ಮೂರು ಸಾಕು. ಹಾಡುವವರಿಗೂ ಮೈಕಿಗೂ ಎರಡಡಿ ಅಂತರವಿದ್ದರೆ, ಮೈಕಿಂದ ಮೈಕಿಗೆ ಆರಡಿ ಇರಲಿ. ಹತ್ತಿರವಿಟ್ಟರೆ ಒಂದೇ ದನಿ ಎರಡು ಮೈಕಿಗೆ ಹಿಂದುಮುಂದಾಗಿ ತಲುಪಿ ಟೊಳ್ಳಾಗಿ ಕೇಳುತ್ತದೆ. ಸಾಲನ್ನು ಉದ್ದಕ್ಕೆ ನಿಲ್ಲಿಸದೆ ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಮೃದಂಗ ನಡುವೆ ಇರಲಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹನ್ನೆರಡು ಮೀಟರ್ ಆಚೆ ಕೂತವನಿಗೆ ಪೆಟ್ಟು ತಡವಾಗಿಯೇ ಮುಟ್ಟುತ್ತದೆ, ಅವನು ಅದನ್ನು ನಂಬಿ ಹಾಡಿದರೆ ಹಿಂದೆ ಬೀಳುತ್ತಾನೆ.

ಡಿಸೆಂಬರ್, ಜನವರಿಯ ಬಯಲು ಕಾರ್ಯಕ್ರಮವಾದರೆ ಇನ್ನೊಂದು ಎಚ್ಚರಿಕೆ. ಸಂಜೆ ಹತ್ತು ಡಿಗ್ರಿ ಇಳಿದರೆ ಕೊಳಲಿನ ಶ್ರುತಿ ಅರ್ಧ ಸ್ವರದ ಕಾಲು ಭಾಗಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ. ತಂತಿಗಳು ಅದೇ ಚಳಿಗೆ ಬಿಗಿದು ಏರುತ್ತವೆ. ಕೊಳಲಿನವರು ವೇದಿಕೆ ಹತ್ತುವ ಮುಂಚೆ ಐದು ನಿಮಿಷ ಊದಿ ಬಿಸಿ ಮಾಡಿಕೊಳ್ಳಲಿ. ವೀಣೆ, ಪಿಟೀಲನ್ನು ಗ್ರೀನ್ ರೂಮಿನಲ್ಲಿ ಅಲ್ಲ, ಕೂರುವ ಜಾಗದಲ್ಲೇ ಕೊಳಲಿಗೆ ಶ್ರುತಿ ಮಾಡಿ.