ಬಿಸಿಯೂಟದ ತಟ್ಟೆಗೆ ಬಣ್ಣ ಬರಬೇಕಾದರೆ

ನಮಸ್ಕಾರ. ಇವತ್ತು ಹಾಸನ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಮನೆಗೆ ಬಂದಿದ್ದೇನೆ. ಅಡುಗೆ ತೋರಿಸುವುದಕ್ಕೆ ಮುಂಚೆ ಈ ಬಕೆಟ್ ನೋಡಿ. ನಿನ್ನೆ ಊಟ ಮುಗಿದ ಮೇಲೆ ತೆಗೆದ ದೃಶ್ಯ ಇದು. ಮಕ್ಕಳು ತಟ್ಟೆ ತೊಳೆಯುವ ಮುಂಚೆ ಮಿಕ್ಕಿದ್ದನ್ನು ಇದಕ್ಕೆ ಸುರಿಯುತ್ತಾರೆ. ಅನ್ನ ಜಾಸ್ತಿ ಇಲ್ಲ. ಇರುವುದೆಲ್ಲ ತರಕಾರಿ. ದಪ್ಪ ದಪ್ಪ ಸೀಮೆಬದನೆ ಹೋಳು, ಬಣ್ಣ ಹೋದ ಬೀನ್ಸ್.

ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ಲೆಕ್ಕ ಇದೆ. ಆರರಿಂದ ಎಂಟನೇ ತರಗತಿಯವರಿಗೆ ತರಕಾರಿ 75 ಗ್ರಾಂ. ಪುಸ್ತಕದಲ್ಲಿ ಲೆಕ್ಕ ಸರಿಯಾಗೇ ಇರುತ್ತದೆ. ಆದರೆ ಆ 50 ಗ್ರಾಂ ಮಗುವಿನ ಹೊಟ್ಟೆಗೆ ಹೋಗದೆ ಈ ಬಕೆಟ್ಟಿಗೆ ಬಿದ್ದರೆ ಏನು ಬಂತು? ಮಕ್ಕಳು ರುಚಿ ನೋಡಿ ಬೇಡ ಅಂದದ್ದಲ್ಲ ಇದು. ಬಾಯಿಗೆ ಇಡುವ ಮೊದಲೇ ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾರೆ. ನಾನು ಪಕ್ಕದಲ್ಲೇ ಕೂತು ನೋಡಿದೆ.

ಈಗ ಅಡುಗೆ ಅಕ್ಕನ ಕೈ ಗಮನಿಸಿ. ಬೀನ್ಸ್ ಬೆಂದ ಮೇಲೇ ಹುಣಸೆ ರಸ ಹಾಕುತ್ತಿದ್ದಾರೆ. ಹುಳಿ ಮೊದಲೇ ಬಿದ್ದರೆ ತರಕಾರಿ ಬೇಗ ಬೇಯುವುದಿಲ್ಲ, ಹಸಿರು ಬಣ್ಣವೂ ನಿಲ್ಲುವುದಿಲ್ಲ. ಸೊಪ್ಪು ಕೊನೆಗೆ, ಅದೂ ಮುಚ್ಚಳ ತೆಗೆದು. ಕ್ಯಾರೆಟ್ಟನ್ನು ಹೋಳು ಮಾಡದೆ ತುರಿದು, ಚಿತ್ರಾನ್ನ ಕಲಸುವಾಗ ಮೇಲೆ ಉದುರಿಸುತ್ತಾರೆ. ಹಳದಿ ಅನ್ನದ ಮೇಲೆ ಆ ಕೇಸರಿ ಬಣ್ಣ ಎಷ್ಟು ಚೆನ್ನಾಗಿ ಕಾಣುತ್ತದೆ ಅಲ್ವಾ? ಸಿಹಿಕುಂಬಳವನ್ನು ಮಾತ್ರ ಬೇಳೆ ಜೊತೆ ಬೇಯಿಸಿ ಮಸೆದುಬಿಡುತ್ತಾರೆ. ಸಾಂಬಾರ್ ಮಂದವಾಗುತ್ತದೆ, ಬಣ್ಣವೂ ಬರುತ್ತದೆ. ಎಲ್ಲ ತರಕಾರಿಯನ್ನೂ ಹೀಗೆ ಮಸೆದು ಅಡಗಿಸುವುದು ನನಗೆ ಒಪ್ಪಿಗೆ ಇಲ್ಲ. ಇದು ಬೀನ್ಸ್, ಇದು ಹೀರೇಕಾಯಿ ಅಂತ ಗೊತ್ತಿದ್ದೇ ಮಗು ತಿನ್ನಬೇಕು.

ಇನ್ನು ಮೊಟ್ಟೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಕ್ಕಳು ಬಿಳಿ ಭಾಗ ತಿಂದು ಹಳದಿ ಬಿಟ್ಟುಬಿಡುತ್ತಾರೆ. ಕಾರಣ ಈ ಗೆರೆ. ಹಳದಿಯ ಸುತ್ತ ಬೂದು ಹಸಿರು ಬಣ್ಣ ಕಾಣುತ್ತಿದೆಯಾ? ಮೊಟ್ಟೆ ಜಾಸ್ತಿ ಹೊತ್ತು ಕುದ್ದರೆ ಬಿಳಿಯಲ್ಲಿರುವ ಗಂಧಕ, ಹಳದಿಯಲ್ಲಿರುವ ಕಬ್ಬಿಣ ಸೇರಿ ಹೀಗಾಗುತ್ತದೆ. ತಿಂದರೆ ಏನೂ ಆಗುವುದಿಲ್ಲ. ಆದರೆ ಕೆಟ್ಟಿದೆ ಅಂತ ಮಗು ಅಂದುಕೊಂಡರೆ ಅದರದ್ದೇನು ತಪ್ಪು? ಇಲ್ಲಿ ಕುದಿ ಬಂದ ಮೇಲೆ ಗಡಿಯಾರ ನೋಡಿ ಇಳಿಸಿ, ಕೂಡಲೇ ತಣ್ಣೀರಿನ ಟಬ್ಬಿಗೆ ಹಾಕುತ್ತಾರೆ. ಸಿಪ್ಪೆಯೂ ಸಲೀಸಾಗಿ ಬರುತ್ತದೆ. ಆಮೇಲೆ ತೊಳೆದ ದಾರದಿಂದ ಎರಡು ಹೋಳು ಮಾಡಿ, ಉಪ್ಪು, ಮೆಣಸಿನ ಪುಡಿ ಚಿಮುಕಿಸುತ್ತಾರೆ. ಚಿನ್ನದ ಬಣ್ಣದ ಹಳದಿ ಮೇಲೆ ಕಾಣುವ ಹಾಗೆ ತಟ್ಟೆಗೆ ಇಡುತ್ತಾರೆ. ಈ ಒಂದನೇ ಕ್ಲಾಸಿನ ಪುಟ್ಟಿ ಹಳದಿಯನ್ನೇ ಮೊದಲು ಬಾಯಿಗಿಟ್ಟಳು!

ಬಡಿಸುವುದೂ ಅಡುಗೆಯಷ್ಟೇ ಮುಖ್ಯ. ಅನ್ನ ತಟ್ಟೆಯ ಒಂದು ಬದಿಗೆ, ಪಲ್ಯ ಇನ್ನೊಂದು ಬದಿಗೆ, ಸಾಂಬಾರ್ ಅನ್ನದ ಮಧ್ಯದ ಗುಳಿಗೆ. ಎತ್ತರದಿಂದ ಸುರಿದರೆ ಎಲ್ಲ ಕಲಸಿ ಒಂದೇ ಬಣ್ಣ ಆಗುತ್ತದೆ. "ಎಷ್ಟು ಹಾಕಲಿ ಮಗಾ?" ಅಂತ ಅಕ್ಕ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಇದು. ಕೇಳಿ ಹಾಕಿಸಿಕೊಂಡದ್ದನ್ನು ಮಕ್ಕಳು ಬಿಡುವುದು ಕಡಿಮೆ.

ಇದನ್ನೆಲ್ಲ ಮಾಡಲು ಹೊತ್ತು ಬೇಕು, ಕೈ ಬೇಕು. ನಿಯಮದ ಪ್ರಕಾರ 25 ಮಕ್ಕಳವರೆಗೆ ಅಡುಗೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ 100ಕ್ಕೆ ಇನ್ನೊಬ್ಬರು. ಅಂದರೆ 100 ಮಕ್ಕಳಿಗೆ ಇಬ್ಬರೇ ಹೆಚ್ಚಬೇಕು, ಬೇಯಿಸಬೇಕು, ಬಡಿಸಬೇಕು, ಪಾತ್ರೆ ತೊಳೆಯಬೇಕು. ಸೀಮೆಬದನೆ ಹೋಳು ದಪ್ಪ ಆಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಅಡುಗೆಯವರನ್ನು ಸುಮ್ನೆ ಬೈಯುವವರು ಒಂದು ದಿನ ಬೆಳಿಗ್ಗೆ ಬಂದು ಇಲ್ಲಿ ನಿಲ್ಲಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ಪ್ರಾಥಮಿಕ ತರಗತಿಯ ಮಗುವಿನ ಒಂದು ಊಟಕ್ಕೆ ಕೇಂದ್ರ ನಿಗದಿ ಮಾಡಿದ ಸಾಮಗ್ರಿ ವೆಚ್ಚ 2025ರ ಮೇ 1ರಿಂದ 6 ರೂಪಾಯಿ 78 ಪೈಸೆ. ಅಕ್ಕಿ ಇದಕ್ಕೆ ಸೇರಿಲ್ಲ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಗ್ಯಾಸ್ ಎಲ್ಲ ಇದರಲ್ಲೇ ಆಗಬೇಕು. ಹೊಸ ಚಾಕು ಎಲ್ಲಿಂದ ಬರಬೇಕು ಹೇಳಿ.

ಇಲ್ಲಿನ ಅಕ್ಕಂದಿರನ್ನು ಏನು ಬೇಕು ಅಂತ ಕೇಳಿದೆ. ಹರಿತವಾದ ಎರಡು ಈಳಿಗೆಮಣೆ, ಒಂದು ದೊಡ್ಡ ತುರಿಯುವ ಮಣೆ ಅಂದರು. ಹಳೇ ವಿದ್ಯಾರ್ಥಿಗಳು ಕೊಡಿಸಲು ಒಪ್ಪಿದ್ದಾರೆ. ನಿಮ್ಮೂರಿನ ಶಾಲೆಗೂ ಒಮ್ಮೆ ಹೋಗಿ. ಹೆಡ್‌ಮಾಸ್ಟರ ಅನುಮತಿ ಪಡೆದು ಅಡುಗೆಮನೆ ನೋಡಿ, ಅಡುಗೆಯವರನ್ನೇ ಕೇಳಿ. ಅವರು ಏನು ಕೇಳಿದರು ಅಂತ ಕೆಳಗೆ ಬರೆಯಿರಿ, ನಾನು ಎಲ್ಲವನ್ನೂ ಓದುತ್ತೇನೆ.