ಶಾಂತಿ ರೋಡಿನ ಒಂದನೇ ನಂಬರಿನ ಮನೆ: ಕಲಾವಿದರೇ ನಡೆಸುವ ಗ್ಯಾಲರಿ

ಎಲ್ಲರಿಗೂ ನಮಸ್ಕಾರ. ಇಂದಿನ ವ್ಲಾಗ್‌ಗಾಗಿ ಬೆಂಗಳೂರಿನ ಶಾಂತಿನಗರಕ್ಕೆ ಬಂದಿದ್ದೇನೆ. ನೀವೀಗ ಪರದೆಯ ಮೇಲೆ ನೋಡುತ್ತಿರುವ ಕಟ್ಟಡದ ವಿಳಾಸವೇ ಅದರ ಹೆಸರೂ ಹೌದು. ‘ಒನ್ ಶಾಂತಿರೋಡ್’ ಎಂದರೆ ಈ ನಗರದ ಕಲಾವಿದರಲ್ಲಿ ಗೊತ್ತಿಲ್ಲದವರು ಕಡಿಮೆ. ಆದರೆ ಕಲೆಯನ್ನು ಇಷ್ಟಪಡುವ, ನಾಟಕ ಮತ್ತು ಸಂಗೀತ ಕಛೇರಿಗಳಿಗೆ ತಪ್ಪದೆ ಹೋಗುವ ಅನೇಕ ಕನ್ನಡಿಗರು ಇದರ ಗೇಟಿನೊಳಗೆ ಕಾಲಿಟ್ಟಿಲ್ಲ. ಈ ವಿಡಿಯೋ ಮುಖ್ಯವಾಗಿ ಅವರಿಗಾಗಿ.

ಕಲಾವಿದ ಹಾಗೂ ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು 2003ರಲ್ಲಿ ತಮ್ಮ ಮನೆಯನ್ನೇ ಕಲೆಗೆ ತೆರೆದಿಟ್ಟರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದ ಅವರಿಗೆ, ಕಾಲೇಜು ಮುಗಿಸಿದ ವಿದ್ಯಾರ್ಥಿಯ ಕಷ್ಟ ಹತ್ತಿರದಿಂದ ಗೊತ್ತಿತ್ತು. ಪದವಿ ಕೈಗೆ ಬಂದ ಮರುದಿನದಿಂದ ಕೆಲಸ ಮಾಡಲು ಜಾಗವಿಲ್ಲ. ಮಾಡಿದ್ದನ್ನು ತೋರಿಸಲು ಗೋಡೆಯಿಲ್ಲ. ತೋರಿಸಿದರೂ ಅದರ ಬಗ್ಗೆ ಪ್ರಾಮಾಣಿಕವಾಗಿ ಮಾತನಾಡುವ ಜನ ಸಿಗುವುದಿಲ್ಲ. ಈ ಮೂರಕ್ಕೂ ಒಂದೇ ಸೂರಿನಡಿ ಅವಕಾಶ ಮಾಡಿಕೊಟ್ಟ ಮನೆ ಇದು. ವಾಸ್ತುಶಿಲ್ಪಿ ಮೀತಾ ಜೈನ್ ಅವರು ಇದನ್ನು ವಿನ್ಯಾಸಗೊಳಿಸುವಾಗ ಅಂಗಳದ ಬಾದಾಮಿ ಮರವನ್ನು ಕಡಿಸದೆ, ಅದನ್ನೇ ನಡುವಿಟ್ಟುಕೊಂಡರು. ಹಾಗಾಗಿ ಇಲ್ಲಿ ಚಿತ್ರ ನೋಡುವವರಿಗೆ ಮರವೂ ಕಾಣುತ್ತಲೇ ಇರುತ್ತದೆ. ಕೆಳಗೆ ಪ್ರದರ್ಶನದ ಹಾಲ್ ಇದೆ, ಹೊರಗಿನಿಂದ ಬಂದ ಕಲಾವಿದರು ಉಳಿದುಕೊಂಡು ಕೆಲಸ ಮಾಡುವ ಸ್ಟುಡಿಯೋಗಳಿವೆ, ಒಂದು ಅಡುಗೆಮನೆ ಇದೆ. ಈ ಅಡುಗೆಮನೆಯನ್ನು ಕಡೆಗಣಿಸಬೇಡಿ. ಸುರೇಶ್ ಅವರ ಕೈಯಡುಗೆ ಉಂಡು, ಊಟದ ಮೇಜಿನ ಸುತ್ತ ನಡೆದ ಮಾತಿನಲ್ಲಿಯೇ ಮುಂದಿನ ಪ್ರದರ್ಶನದ ಯೋಚನೆ ಹುಟ್ಟುವುದು ಇಲ್ಲಿ ಹೊಸತಲ್ಲ.

ಮಾರಾಟವನ್ನೇ ಗುರಿಯಾಗಿಟ್ಟುಕೊಂಡ ಗ್ಯಾಲರಿಗೂ ಕಲಾವಿದರು ನಡೆಸುವ ಜಾಗಕ್ಕೂ ಇರುವ ವ್ಯತ್ಯಾಸ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಪ್ರದರ್ಶನ ಆರಂಭವಾಗುವ ಹಿಂದಿನ ದಿನ. ಹಿಂದಿನ ಪ್ರದರ್ಶನ ಬಿಟ್ಟುಹೋದ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಗೋಡೆಗೆ ಮತ್ತೆ ಬಿಳಿ ಬಣ್ಣ ಬಳಿಯಬೇಕು. ಚಿತ್ರದ ಮಧ್ಯಭಾಗವು ನೆಲದಿಂದ ಸುಮಾರು 5 ಅಡಿ ಎತ್ತರಕ್ಕೆ, ಅಂದರೆ ನಿಂತು ನೋಡುವವರ ಕಣ್ಣಿನ ಮಟ್ಟಕ್ಕೆ ಬರುವಂತೆ ಅಳೆದು ಪೆನ್ಸಿಲಿನ ಗುರುತು ಹಾಕಬೇಕು. ಏಣಿ ಹಿಡಿಯುವವರು, ದೂರ ನಿಂತು ‘ಎಡಕ್ಕೆ ಸ್ವಲ್ಪ ಇಳಿಸಿ’ ಎನ್ನುವವರು, ದೀಪ ತಿರುಗಿಸುವವರು, ಎಲ್ಲರೂ ಕಲಾವಿದರೇ. ಇಂದು ಗೆಳತಿಯ ಚಿತ್ರಕ್ಕೆ ಮೊಳೆ ಹೊಡೆದವನ ಕೃತಿಗಳಿಗೆ ನಾಳೆ ಅವಳು ಬಂದು ಏಣಿ ಹಿಡಿಯುತ್ತಾಳೆ. ಹೀಗೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಾಗ, ಆ ಕೆಲಸದ ಬಗ್ಗೆ ಅವರು ಆಡುವ ಮಾತಿಗೂ ಬೇರೆಯೇ ತೂಕ ಬರುತ್ತದೆ ಎಂದು ನಾನು ನಂಬುತ್ತೇನೆ.

ಈಗ ಒಬ್ಬ ಕಲಾವಿದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ರಾಮನಗರದ ಬಳಿಯ ಬನ್ನಿಕುಪ್ಪೆಯಿಂದ ಬೆಂಗಳೂರಿಗೆ ಬಂದು ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದ ಶಿವರಾಜು ಅವರು ಈ ಮನೆಯ ಒಡನಾಟಕ್ಕೆ ಬಿದ್ದರು. ಇಲ್ಲಿನ ಕಾರ್ಯಕ್ರಮಗಳ ಓಡಾಟ ನೋಡಿಕೊಳ್ಳುತ್ತ, ಬಂದುಹೋಗುವ ಕಲಾವಿದರೊಂದಿಗೆ ಬೆರೆಯುತ್ತ, ಕ್ಯಾಮೆರಾ ಕೈಗೆತ್ತಿಕೊಂಡರು. ಇಂದು ದೇಶ ವಿದೇಶಗಳ ಕಲಾವಲಯಕ್ಕೆ ಅವರು ‘ಕಾಪ್ ಶಿವ’ ಎಂದೇ ಪರಿಚಿತರು. ಹಳ್ಳಿಯ ಶಾಲಾ ಶಿಕ್ಷಕ ಬಸವರಾಜ್ ಅವರು ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು, ಕೋಲು ಹಿಡಿದು, ಕನ್ನಡಕ ಧರಿಸಿ, ಊರೂರಿನಲ್ಲಿ ಗಾಂಧಿಯ ಪ್ರತಿಮೆಯಂತೆ ಅಲುಗಾಡದೆ ನಿಲ್ಲುತ್ತಿದ್ದರು. ಶಿವ ಅವರು ಆ ಶಿಕ್ಷಕರ ಬೆನ್ನು ಹತ್ತಿ ತೆಗೆದ ಛಾಯಾಚಿತ್ರಗಳ ಸರಣಿಯೇ ‘ಬೀಯಿಂಗ್ ಗಾಂಧಿ’. ನಮ್ಮ ಊರಿನ ರಸ್ತೆ, ನಮ್ಮ ಊರಿನ ಗೋಡೆ, ಅದರ ಮುಂದೆ ಬೆಳ್ಳಿಬಣ್ಣದ ಒಂದು ದೇಹ. ಆ ಚಿತ್ರಗಳಲ್ಲಿ ಅಣಕದ ಸುಳಿವೂ ಇಲ್ಲ. ಆ ಶಿಕ್ಷಕರ ಶ್ರದ್ಧೆಯನ್ನು ಛಾಯಾಗ್ರಾಹಕರು ಪೂರ್ತಿಯಾಗಿ ಗೌರವಿಸಿರುವುದು ಪ್ರತಿ ಚೌಕಟ್ಟಿನಲ್ಲೂ ಗೊತ್ತಾಗುತ್ತದೆ. ಕಲಾಶಾಲೆಯ ಮೆಟ್ಟಿಲು ಹತ್ತದ ಒಬ್ಬ ಪೊಲೀಸರನ್ನು ಕಲಾವಿದರೆಂದು ಮೊದಲಿಗೆ ಗುರುತಿಸಲು ಇಂಥ ಮನೆಯೇ ಬೇಕಿತ್ತು. ‘ಸಮುದಾಯಕ್ಕಾಗಿ ಕಲೆ’ ಎಂಬುದನ್ನು ಯಾರಾದರೂ ಉದಾಹರಣೆ ಕೊಟ್ಟು ವಿವರಿಸಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಈ ಮನೆಯ ನಂಟು ನಗರದ ಗಡಿಗೇ ನಿಂತಿಲ್ಲ. ಶ್ರೀಲಂಕಾದ ಅಂತರ್ಯುದ್ಧ 2009ರಲ್ಲಿ ಮುಗಿದ ಆಸುಪಾಸಿನ ವರ್ಷಗಳಲ್ಲಿ, ಕೊಲಂಬೊದ ‘ತೀರ್ಥ’ ಎಂಬ ಕಲಾವಿದರ ಬಳಗದೊಂದಿಗೆ ಸೇರಿ ‘ಸೇತುಸಮುದ್ರಂ’ ಎಂಬ ಯೋಜನೆಯನ್ನು ಇಲ್ಲಿಂದ ನಡೆಸಲಾಯಿತು. ಎರಡೂ ದೇಶಗಳ ಕಲಾವಿದರು ಅತ್ತಿಂದಿತ್ತ ಹೋಗಿಬಂದು ಕೆಲಸ ಮಾಡಿದರು.

ಕಲಾವಿದರು ತಾವೇ ಮುಂದೆ ನಿಂತು ಜಾಗ ಕಟ್ಟಿಕೊಳ್ಳುವ ರೂಢಿ ಬೆಂಗಳೂರಿಗೆ ಹಳೆಯದು. ಆರ್. ಎಂ. ಹಡಪದ್ ಅವರು 1968ರಲ್ಲಿ ಆರಂಭಿಸಿದ ಕೆನ್ ಕಲಾಶಾಲೆಯಲ್ಲಿ ಇಂದು ವಿಶ್ವಪ್ರಸಿದ್ಧರಾಗಿರುವ ಶೀಲಾ ಗೌಡ ಅವರಂಥವರು ಕಲಿತರು. ಜೆ. ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ 2009ರಲ್ಲಿ ಶುರುವಾದ ‘ಸಮೂಹ’ದ ಕಥೆ ನನಗೆ ಇನ್ನೂ ಇಷ್ಟ. 24 ಕಲಾವಿದರು ಖರ್ಚನ್ನು ಹಂಚಿಕೊಂಡು 414 ದಿನಗಳ ಮಟ್ಟಿಗೆ ಒಂದು ಜಾಗವನ್ನು ತಮ್ಮದಾಗಿಸಿಕೊಂಡರು. ಭಾಗಿಸಿ ನೋಡಿದರೆ ತಲೆಗೆ ಸುಮಾರು 17 ದಿನ. ಆ ದಿನಗಳಲ್ಲಿ ಏನು ಮಾಡಬೇಕೆಂದು ಮೇಲಿನಿಂದ ಹೇಳುವವರು ಯಾರೂ ಇರಲಿಲ್ಲ. ಅವಧಿ ಮುಗಿದಾಗ ಬಾಗಿಲು ಹಾಕಿದರು. ಶಾಶ್ವತವಾಗಿ ಉಳಿಯುವ ಹಂಬಲವಿಲ್ಲದ ಸಂಸ್ಥೆಯನ್ನು ಕಟ್ಟಲು ಧೈರ್ಯ ಬೇಕು. ಆ ಧೈರ್ಯವನ್ನು ನಾವು ಸಾಕಷ್ಟು ಮೆಚ್ಚಿಕೊಂಡಿಲ್ಲ ಎನ್ನುವುದು ನನ್ನ ಭಾವನೆ.

2016ರಲ್ಲಿ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಸರ್ಕಾರದ ಯೋಜನೆಯ ವಿರುದ್ಧ ನಗರದ ಕಲಾವಿದರು ಒಟ್ಟಾಗಿ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಕಡಿಮೆ ಬಾಡಿಗೆಗೆ ಯಾವ ಹೊಸಬರಿಗೂ ಸಿಗುವ ಸಾರ್ವಜನಿಕ ಗೋಡೆ ಕೈತಪ್ಪಿ ಹೋಗುತ್ತದೆ ಎಂಬ ಆತಂಕ ಅದರ ಹಿಂದಿತ್ತು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಯಿತು. ಸರ್ಕಾರದ ಗ್ಯಾಲರಿ ಉಳಿಯಬೇಕು, ಕಲಾವಿದರ ಮನೆಗಳೂ ಉಳಿಯಬೇಕು. ಒಂದು ಇದೆ ಎಂಬ ಕಾರಣಕ್ಕೆ ಇನ್ನೊಂದು ಬೇಡವಾಗುವುದಿಲ್ಲ.

ಸಮಕಾಲೀನ ಕಲೆ ಅರ್ಥವಾಗುವುದಿಲ್ಲ ಎಂಬ ಹಿಂಜರಿಕೆ ಬಹಳ ಜನರಲ್ಲಿದೆ. ಆ ಹಿಂಜರಿಕೆಗೆ ಕಲೆಯಷ್ಟೇ ಕಾರಣವಲ್ಲ. ನಮ್ಮ ನಗರದ ಹಲವು ಗ್ಯಾಲರಿಗಳಲ್ಲಿ ಗೋಡೆಯ ಟಿಪ್ಪಣಿ, ಕರಪತ್ರ, ಉದ್ಘಾಟನೆಯ ಮಾತು ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆದುಹೋಗುತ್ತವೆ. ಕನ್ನಡದಲ್ಲಿ ಯೋಚಿಸಿ ಕೃತಿ ರಚಿಸಿದ ಕಲಾವಿದರೇ ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯದೆ ಬಿಡುವುದು ನನಗೆ ನಿಜಕ್ಕೂ ನೋವು ತರುತ್ತದೆ. ಕಲಾವಿದರೇ ನಡೆಸುವ ಚಿಕ್ಕ ಜಾಗಗಳಲ್ಲಿ ಇದಕ್ಕೊಂದು ದಾರಿಯಿದೆ. ಕೃತಿ ಮಾಡಿದವರು ಬಹುಮಟ್ಟಿಗೆ ಅಲ್ಲೇ ಇರುತ್ತಾರೆ, ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರಿಸುವವರು ಸಿಗುತ್ತಾರೆ. ‘ಇದರ ಅರ್ಥವೇನು’ ಎಂದು ಕೇಳುವ ಬದಲು ‘ಇದನ್ನು ಹೇಗೆ ಮಾಡಿದಿರಿ, ಈ ವಸ್ತುವನ್ನೇ ಏಕೆ ಆರಿಸಿಕೊಂಡಿರಿ’ ಎಂದು ಕೇಳಿ ನೋಡಿ. ಮಾತು ತಾನಾಗಿಯೇ ಬೆಳೆಯುತ್ತದೆ.

ಹೊರಡುವ ಮುನ್ನ ಒಂದು ಮಾತು. ಇಂಥ ಜಾಗಗಳ ಪ್ರದರ್ಶನಗಳು ಹಲವು ಬಾರಿ ಕೆಲವೇ ದಿನ ಇರುತ್ತವೆ, ಆದ್ದರಿಂದ ದಿನಾಂಕ ನೋಡಿಕೊಂಡು ಬನ್ನಿ. ಸಾಧ್ಯವಾದರೆ ಕಲಾವಿದರು ತಮ್ಮ ಕೆಲಸದ ಚಿತ್ರಗಳನ್ನು ತೋರಿಸುತ್ತ ಮಾತನಾಡುವ ಸಂಜೆಯನ್ನೇ ಆರಿಸಿಕೊಳ್ಳಿ. ಮಕ್ಕಳನ್ನೂ ಕರೆತನ್ನಿ, ಅವರು ನಮಗಿಂತ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ.