ಮಗಳು ಎದ್ದಿರಲಿಲ್ಲ, ಎಬ್ಬಿಸಿದ್ದು ನಾನೇ

ರಾತ್ರಿ ಎರಡೂಮುಕ್ಕಾಲು. ಕ್ಯಾಮೆರಾ ಕಿಟಕಿ ಕಟ್ಟೆ ಮೇಲಿದೆ, ಅದಕ್ಕೇ ಚಿತ್ರ ಸ್ವಲ್ಪ ವಾರೆ. ಇದು ಧಾರವಾಡ, ನನ್ನ ತವರುಮನೆ, ಬಾಣಂತಿ ಕೋಣೆ. ಮಗಳಿಗೆ ಒಂಬತ್ತು ವಾರ. ಈಗ ಕೇಳಿಸಿಕೊಳ್ಳಿ... ಆ ಮುಲುಕಾಟ. ಮೊಣಕಾಲು ಹೊಟ್ಟೆಗೆ ಎಳ್ಕೊಂಡ್ಲು, ಮುಖ ಕೆಂಪಗಾಯ್ತು. ಇನ್ನೇನು ಅತ್ತೇಬಿಡ್ತಾಳೆ ಅನ್ನಿಸ್ತಿದೆ ಅಲ್ವಾ?

ಮೊದಲ ಐದು ವಾರ ನಾನು ಇದೇ ಸದ್ದಿಗೆ ಹಾರಿ ಎದ್ದು ಎತ್ಕೊಳ್ತಿದ್ದೆ. ಎತ್ತಿದ ಕೂಡಲೇ ಕಣ್ಣು ಬಿಡ್ತಿದ್ಲು. ಕಣ್ಣು ಬಿಟ್ಟಮೇಲೆ ಹಾಲು, ಹಾಲಾದ್ಮೇಲೆ ತೇಗು, ತೇಗಾದ್ಮೇಲೆ ಒದ್ದೆ ಬಟ್ಟೆ. ಅಷ್ಟೊತ್ತಿಗೆ ಅವಳಿಗೆ ಪೂರ್ತಿ ಬೆಳಗು, ನನಗೆ ಪೂರ್ತಿ ಅಳು.

ಒಂದು ರಾತ್ರಿ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ತಡಿ ಒಂದೀಟು. ಕೂಸು ಎದ್ದಿಲ್ಲ, ನಿದ್ದಿಯೊಳಗ ಮುಲಗಾಕತ್ತೇತಿ. ಎಬ್ಬಸಾಕಿ ನೀನ!"

ನಿಜ. ಈ ವಯಸ್ಸಿನ ಮಕ್ಕಳ ನಿದ್ದೆಯಲ್ಲಿ ಹತ್ತಿರಹತ್ತಿರ ಅರ್ಧಭಾಗ ಚುರುಕು ನಿದ್ದೆ. ರೆಪ್ಪೆ ಅದುರುತ್ತೆ, ಉಸಿರು ಏರುಪೇರಾಗುತ್ತೆ, ನಗ್ತಾರೆ, ಮುಖ ಕಿವುಚ್ತಾರೆ, ಒದೀತಾರೆ. ಒಂದು ಸುತ್ತು ನಿದ್ದೆ ಅಂದ್ರೆ ಸುಮಾರು 50 ನಿಮಿಷ. ಅಂದ್ರೆ ನಾನು ಪ್ರತಿ ಸುತ್ತಿನಲ್ಲೂ ಒಮ್ಮೆ ಅವಳನ್ನ ಎಬ್ಬಿಸೋಕೆ ಅವಕಾಶ ಮಾಡ್ಕೊಂಡಿದ್ದೆ. ದಿನಕ್ಕೆ 14ರಿಂದ 17 ಗಂಟೆ ಮಲಗ್ತಾರೆ ಅಂತ ಓದಿದಾಗ ನಗು ಬಂದಿತ್ತು. ಲೆಕ್ಕ ಹಾಕಿದ್ರೆ ಸರೀನೇ, ಚೂರುಚೂರಾಗಿ.

ಆದ್ರೆ ಸುಮ್ಮನೆ ಕಾಯೋದು ಸುಲಭವಲ್ಲ. ಅಯ್ಯೋ, ನನ್ನ ಮೇಲೆ ಅವಳಿಗಿರೋ ನಂಬಿಕೇನೇ ಹೋಗಿಬಿಟ್ರೆ? ಆಗ ಸಿಕ್ಕಿದ್ದು ಮೇರಿ ಐನ್ಸ್‌ವರ್ತ್ ಅನ್ನೋ ಮನೋವಿಜ್ಞಾನಿಯ ಕೆಲಸ. 1954ರಲ್ಲಿ ಉಗಾಂಡಕ್ಕೆ ಹೋಗಿ, ಹಳ್ಳಿಗಳ 26 ಮನೆಗಳಲ್ಲಿ ಕೂತು ತಾಯಿ-ಮಕ್ಕಳನ್ನ ನೋಡಿದವರು. ಮುಂದೆ ಅವರು ಒತ್ತಿ ಹೇಳಿದ ಮಾತು ಇದು: ಮಗುವಿನ ಸೂಚನೆ ಗಮನಿಸಬೇಕು, ಅದನ್ನ ಸರಿಯಾಗಿ ಓದ್ಕೋಬೇಕು, ಆಮೇಲೆ ತಡಮಾಡದೆ ತಕ್ಕಂತೆ ಸ್ಪಂದಿಸಬೇಕು. ನಾನು ಮಧ್ಯದ ಹೆಜ್ಜೇನೇ ಹಾರಿಸ್ತಿದ್ದೆ! ಅಳೋಕೆ ಬಿಟ್ಟು ನಿದ್ದೆ ಕಲಿಸೋ ಮಾತು ಇದಲ್ಲ. ಒಂಬತ್ತು ವಾರದ ಕೂಸಿಗೆ ಅದನ್ನ ನಾನಂತೂ ಮಾಡಲ್ಲ. ಕರೆದ್ರೆ ಎತ್ಕೊಳ್ತೀನಿ. ಕರೆದಳಾ ಅಂತ ಮೊದಲು ಕಿವಿಗೊಡ್ತೀನಿ, ಅಷ್ಟೇ.

ಇದು ನಮ್ಮಜ್ಜಿ ಕಾಲದ ಕಲಘಟಗಿ ತೊಟ್ಟಿಲು. ಬಣ್ಣ ನೋಡಿ, ಇನ್ನೂ ಹೇಗಿದೆ! ಇದರೊಳಗೆ ಮೊದಲು ಎರಡು ಕೌದಿ, ಸಾಸಿವೆ ದಿಂಬು, ಪಕ್ಕಕ್ಕೊಂದು ಸುತ್ತಿದ ಸೀರೆ ಇತ್ತು. ಎಲ್ಲಾ ತೆಗೆಸಿದೆ. ಅವ್ವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ತಲೆ ಚಪ್ಪಟೆ ಆಗುತ್ತೆ ಅಂತ. ಮಗುವನ್ನ ಅಂಗಾತವೇ ಮಲಗಿಸಬೇಕು, ಗಟ್ಟಿ ಸಮತಟ್ಟು ಹಾಸಿಗೆ ಬೇಕು, ಮೆತ್ತನೆಯದು ಏನೂ ಸುತ್ತ ಇರಬಾರದು. ನಮ್ಮ ಕೋಣೆಯಲ್ಲೇ ಇರಲಿ, ಆದ್ರೆ ಅವಳ ಜಾಗ ಬೇರೆ. ಕನಿಷ್ಠ ಆರು ತಿಂಗಳು ಹೀಗೆ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತೆ. ಇನ್ನೊಂದು ಮಾತು, ದಯವಿಟ್ಟು ಇದನ್ನ ಮರೀಬೇಡಿ: ನಿದ್ದೆಗಣ್ಣಲ್ಲಿ ಸೋಫಾ ಮೇಲೆ ಕೂತು ಹಾಲು ಕುಡಿಸಬೇಡಿ. ಮಗುವನ್ನ ಹಿಡ್ಕೊಂಡು ಅಲ್ಲೇ ನಿದ್ದೆ ಹೋದ್ರೆ ತುಂಬಾ ಅಪಾಯ.

ಇನ್ನು ಇವರು. ಶನಿವಾರ ಬೆಂಗಳೂರಿಂದ ಬರ್ತಾರೆ, ಪಡಸಾಲೆಯಲ್ಲಿ ಮಗಳನ್ನ ಎತ್ಕೊಂಡು ತಿರುಗ್ತಾರೆ. ಮಲಗ್ತಾಳೆ. ತೊಟ್ಟಿಲಿಗೆ ಹಾಕಿದ ತಕ್ಷಣ ಕಿಟಾರನೆ ಕಿರುಚ್ತಾಳೆ. "ನನ್ನ ಕೈ ಅವಳಿಗೆ ಒಗ್ಗಲ್ಲ" ಅಂತ ಒಮ್ಮೆ ಮುಖ ಸಣ್ಣ ಮಾಡ್ಕೊಂಡ್ರು. ಜಪಾನಿನ ರೈಕೆನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ, 21 ಶಿಶುಗಳ ಮೇಲೆ. ಐದು ನಿಮಿಷ ಎತ್ಕೊಂಡು ನಡೀಬೇಕು. ನಿದ್ದೆ ಹತ್ತಿದ ಮೇಲೆ ಇನ್ನೂ ಐದರಿಂದ ಎಂಟು ನಿಮಿಷ ಹಾಗೇ ಕೂತಿರಬೇಕು. ಎದೆಬಡಿತ ಏರೋದು ಹಾಸಿಗೆ ತಾಗಿದಾಗಲ್ಲ, ನಮ್ಮ ಮೈಯಿಂದ ಬಿಟ್ಟಾಗ!

ಅವ್ವನಿಗೆ ಹೇಳಿದೆ. "ನಿದ್ದಿ ಹತ್ತಿದ ಮ್ಯಾಲ ಇನ್ನೊಂದು ಜೋಗುಳ ಹಾಡಿ ಆಮ್ಯಾಲ ತೊಟ್ಟಿಲಿಗೆ ಹಾಕಬೇಕು ಅಂತ ನಮ್ಮವ್ವನೂ ಹೇಳತಿದ್ದಳು" ಅಂದಳು, ಬೆಳ್ಳುಳ್ಳಿ ಸುಲಿಯೋದನ್ನ ನಿಲ್ಲಿಸದೇ.

ಇವರಿಗೆ ಜೋಗುಳ ಬರಲ್ಲ. ಹದಿಮೂರರ ಮಗ್ಗಿ ಹೇಳ್ತಾರೆ. ಈ ಕ್ಲಿಪ್ ನೋಡಿ, ಹದಿಮೂರೇಳ್ಲ ತೊಂಬತ್ತೊಂದಕ್ಕೆ ಕೈ ಜೋತುಬಿತ್ತು. ಕೈ ಹೀಗೆ ಸಡಿಲ ಆದ್ರೆ ಗಾಢ ನಿದ್ದೆ. ಹಾಕಿದ್ರು... ಏಳಲಿಲ್ಲ.

ಈಗ ಮೂರು ಗಂಟೆ. ಮುಲುಕಾಟ ತಾನೇ ನಿಂತಿದೆ. ನಾನು ಮಗ್ಗುಲು ಬದಲಿಸಿದ್ದಷ್ಟೇ, ಪಕ್ಕದ ಚಾಪೆಯಿಂದ ದನಿ ಬಂತು.

"ಯಾಕವ್ವಾ, ನಿದ್ದಿ ಬರವಲ್ದೇನು?"